ಹಿಂದೆ ಉಳಿದವಳ ಹೆಸರಿನಲ್ಲಿ

"ಈ ಚೀಟಿ ಬರೆದವರು ನೀವೇನಾ?"

ಕೇಳಿದ ಹೆಂಗಸಿನ ಕೈಯಲ್ಲಿ ಚೆಂದದ ಕಾಗದ ಸುತ್ತಿದ ಸಿಹಿತಿಂಡಿಯ ಡಬ್ಬವಿತ್ತು. ದೂರು ಹೇಳಲು ಬಂದವರು ತಿಂಡಿ ತರುವುದಿಲ್ಲ ಎಂದು ಮಾಸುಮಿಗೆ ಹೊಳೆಯುವಷ್ಟರಲ್ಲಿ ಅವಳು ಸೊಂಟ ಬಗ್ಗಿಸಿ ಒಂದು ಸಲ ಕ್ಷಮೆ ಕೇಳಿಯೂ ಆಗಿತ್ತು. ಡಿವಿಡಿ ಬಾಡಿಗೆ ಅಂಗಡಿಯ ಕೌಂಟರಿನ ಹಿಂದೆ ಆರು ವರ್ಷ ನಿಂತವರಿಗೆ ಬೆನ್ನು ಮೊದಲು ಬಗ್ಗುತ್ತದೆ, ವಿಷಯ ಆಮೇಲೆ ತಿಳಿಯುತ್ತದೆ.

"ಅಯ್ಯೋ, ಕ್ಷಮೆ ಕೇಳೋದು ಬೇಡ. ಥ್ಯಾಂಕ್ಸ್ ಹೇಳೋಕೆ ಬಂದೆ ನಾನು," ಎಂದು ಆ ಹೆಂಗಸೂ ಬಗ್ಗಿದಳು. ಇಬ್ಬರ ತಲೆಗಳೂ ಕೌಂಟರಿನ ಮೇಲೆ ಡಿಕ್ಕಿ ಹೊಡೆಯುವುದೊಂದು ಬಾಕಿ. "ಇಗಾರಾಶಿ ಅಂತ ನನ್ನ ಹೆಸರು. ಅಲ್ಲಿ, ಕಾರ್ಟೂನ್ ಸಾಲಲ್ಲಿ, ಹಳದಿ ಚೀಟಿ ಅಂಟಿಸಿದೀರಲ್ಲ. ಕೆಳಗೆ ಹೊನ್ಮಾ ಅಂತ ಇದೆ."

ಹೊನ್ಮಾ ಎಂದರೆ ಮಾಸುಮಿಯೇ, ಅದು ಗಂಡನ ಮನೆತನದ ಹೆಸರು. ಅಂಗಡಿಯಲ್ಲಿ ಬೇರೆ ಹೊನ್ಮಾ ಯಾರೂ ಇರಲಿಲ್ಲ, ಇದ್ದಿದ್ದರೆ ಅವಳು ಆ ಕ್ಷಣವೇ ಅವರ ಕಡೆ ಕೈ ತೋರಿಸುತ್ತಿದ್ದಳು.

ತಿಂಗಳಿಗೆ ಮೂರು ಶಿಫಾರಸು ಚೀಟಿ ಬರೆಯುವುದು ಆ ಅಂಗಡಿಯ ಕಡ್ಡಾಯ. ಪೋಸ್ಟ್ ಕಾರ್ಡಿನಷ್ಟು ಕಾಗದ, ದಪ್ಪ ಪೆನ್ನು, ಕೈಬರಹ, ಕೆಳಗೆ ಸ್ವಂತ ಹೆಸರು. ಮ್ಯಾನೇಜರ್ ಕುಮಾಗಾಯಿಗೆ ಮೂವತ್ತೊಂದು ವರ್ಷ. ತನಗಿಂತ ಹದಿನೆಂಟು ವರ್ಷ ದೊಡ್ಡವಳಾದ ಮಾಸುಮಿಗೆ ಅವನು ಪ್ರತಿ ತಿಂಗಳೂ, ಗೌರವದ 'ಸಾನ್' ಸೇರಿಸಿಯೇ, ಒಂದೇ ಪಾಠ ಹೇಳುತ್ತಿದ್ದ. "ಗಿರಾಕಿಗೆ ಕಥೆ ಬೇಡ, ಹೊನ್ಮಾ ಸಾನ್. ಕಥೆ ಡಬ್ಬದ ಹಿಂದೇನೇ ಇದೆ. ನಿಮ್ಮ ಹೃದಯ ಬೇಕು." ಅವನು ತನ್ನ ಹೃದಯವನ್ನು ಹೆಣಗಳು ಎದ್ದು ಓಡಾಡುವ ಸಿನಿಮಾಗಳ ಸಾಲಿನಲ್ಲಿ ಧಾರಾಳವಾಗಿ ಅಂಟಿಸಿದ್ದ.

'ಉತ್ತರದ ದೀಪ' ಎಂಬ ಕಾರ್ಟೂನ್ ಧಾರಾವಾಹಿಯ ಚೀಟಿಯನ್ನು ಮಾಸುಮಿ ಬರೆದದ್ದು ಜನವರಿಯ ಕೊನೆಯ ದಿನ, ಊಟದ ಬಿಡುವಿನಲ್ಲಿ, ಒಂದು ಕೈಯಲ್ಲಿ ಅನ್ನದುಂಡೆ ಹಿಡಿದುಕೊಂಡು. ಚೀಟಿಯಲ್ಲಿ ಇದ್ದದ್ದು ಇಷ್ಟು: 'ಸಾಲಿನಲ್ಲಿ ಯಾವಾಗಲೂ ಕೊನೆಗೆ ನಡೆಯುತ್ತಿದ್ದವಳು ನಾನು. ಶಾಲೆಯ ಗೆಳತಿಯರು ನನ್ನನ್ನು ಬಿಟ್ಟು ಮುಂದೆ ಹೋದರು. ಈ ನಾಲ್ವರ ಪ್ರಯಾಣ ನೋಡಿದ ಮೇಲೆ ಅವರ ಮೇಲಿದ್ದ ಸಿಟ್ಟೆಲ್ಲ ಕರಗಿತು. ಒಂಟಿ ಅನ್ನಿಸಿದವರು ದಯವಿಟ್ಟು ನೋಡಿ. ಹೊನ್ಮಾ.'

"ನಮ್ಮ ಹುಡುಗಿ ಚಿಹಾರು, ಎಂಟನೇ ಕ್ಲಾಸು," ಎಂದಳು ಇಗಾರಾಶಿ. ದನಿ ತಗ್ಗಿತು. "ಸ್ಕೂಲಿಗೆ ಹೋಗಿ ಏಳು ತಿಂಗಳಾಯ್ತು. ಸ್ಕೂಲು ಹಾಳಾಗಿ ಹೋಗ್ಲಿ, ರೂಮಿಂದಾನೇ ಹೊರಗೆ ಬರಲ್ಲ. ಊಟಾನ ಬಾಗಿಲ ಹತ್ರ ಇಟ್ಟು ಬರ್ತೀನಿ. ಏನಾದ್ರೂ ನೋಡ್ತಾಳೇನೋ ಅಂತ ಇಲ್ಲಿಗೆ ಬಂದೆ, ನಿಮ್ಮ ಚೀಟಿ ಕಾಣಿಸ್ತು. ಫೋನಲ್ಲಿ ಫೋಟೋ ತೆಗೆದು ಕಳಿಸಿದೆ. 'ತಗೊಂಡು ಬಾ' ಅಂದ್ಲು. ಒಂಬತ್ತು ಡಿಸ್ಕೂ ನೋಡಿದಾಳೆ, ಎರಡೆರಡು ಸಲ. ನಿನ್ನೆ ತಟ್ಟೆ ಜೊತೆ ಒಂದು ಕಾಗದ ಇಟ್ಟಿದ್ಲು." ಅವಳು ಕೈಚೀಲದಿಂದ ಮಡಿಸಿದ ಕಾಗದ ತೆಗೆದು, ಕೊಡದೆ, ಹಾಗೆಯೇ ಹಿಡಿದುಕೊಂಡಳು. "'ಇದನ್ನ ಬರೆದವರ ಜೊತೆ ಮಾತಾಡ್ಬೇಕು' ಅಂತ. ಸೋಮವಾರ ಅವಳೇ ಬರ್ತಾಳಂತೆ. ಇಲ್ಲಿಗೆ. ನಡ್ಕೊಂಡು. ಒಂದು ಹತ್ತು ನಿಮಿಷ ಅವಳ ಹತ್ರ ಮಾತಾಡ್ತೀರಾ, ಹೊನ್ಮಾ ಸಾನ್?"

ಮಾಸುಮಿ ಬಾಯಿ ತೆರೆದಳು. 'ನಾನು ಅದನ್ನು ನೋಡಿಯೇ ಇಲ್ಲ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ತಾಯಿಯ ಕಣ್ಣಲ್ಲಿ ಆಗಲೇ ನೀರು ನಿಂತಿತ್ತು, ಸಿಹಿತಿಂಡಿಯ ಡಬ್ಬ ಕೌಂಟರು ದಾಟಿ ಇವಳ ಕೈಗೆ ಬಂದಿತ್ತು. "ಖಂಡಿತ," ಎಂದಳು.

ಹೆಂಗಸು ಆ ಕಡೆ ಹೋದದ್ದೇ ತಡ, ಕುಮಾಗಾಯಿ ಹಿಂದಿನ ಕೋಣೆಯಿಂದ ಹೊರಬಂದ. ಎಲ್ಲ ಕೇಳಿಸಿಕೊಂಡಿದ್ದ. ಮುಖ ಹಬ್ಬದ ಹಾಗಿತ್ತು. "ಹೆಡ್ ಆಫೀಸಿಗೆ ಕಳಿಸ್ತೀನಿ ಇದನ್ನ. ವರ್ಷದ ಅತ್ಯುತ್ತಮ ಚೀಟಿ ಅಂತ ಪ್ರೈಜ್ ಇದೆ. ಒಂದು ಮಗುನ ರೂಮಿಂದ ಹೊರಗೆ ತಂದ್ರಲ್ಲ ನೀವು."

"ನಾನು ಅದನ್ನ ನೋಡೇ ಇಲ್ಲ, ಮ್ಯಾನೇಜರ್. ಒಂದು ಡಿಸ್ಕೂ ನೋಡಿಲ್ಲ."

"ಅಷ್ಟೇನಾ?" ಅವನು ನಕ್ಕುಬಿಟ್ಟ. "ಎಲ್ಲಾನೂ ಯಾರು ನೋಡ್ತಾ ಕೂತ್ಕೋತಾರೆ? ಡಬ್ಬದ ಹಿಂದೆ ಓದಿ ಬರೆಯೋದೇ. ನಿಮ್ಮ ಅನುಭವ ನಿಜ ತಾನೆ? ಅದು ಮುಖ್ಯ."

ಮಾಸುಮಿ ಡಬ್ಬ ಬಿಚ್ಚಿ ಎಲ್ಲರಿಗೂ ತಿಂಡಿ ಹಂಚಿದಳು. ತಾನೊಂದು ಬಾಯಿಗೆ ಹಾಕಿಕೊಂಡಳು.

ಅನುಭವ ನಿಜವೇ. ಅವಳದಲ್ಲ ಅಷ್ಟೇ.

ಒಂಬತ್ತನೇ ತರಗತಿಯ ಪ್ರವಾಸ. ಈ ಊರು ಸಕಾತಾದಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಟೋಕಿಯೋಗೆ ಹೋದದ್ದು. ಅಸಕುಸಾದ ದೇವಸ್ಥಾನದ ಬಳಿ ಒಂದು ಗಂಟೆ ಬಿಡುವು ಕೊಟ್ಟರು. ನಾಲ್ವರ ಗುಂಪಾಗಿ ಹೋಗಬೇಕು, ನಾಲ್ವರೂ ಒಟ್ಟಿಗೆ ಬರಬೇಕು. ಇವರ ಗುಂಪಿನ ನಾಯಕಿ ಫುಸಾಕೊ. ಮನೆಯಲ್ಲಿ ಒಗೆದು ಇಸ್ತ್ರಿ ಮಾಡುವ ಕಸುಬು, ಅವಳ ಸಮವಸ್ತ್ರ ಯಾವಾಗಲೂ ಎಲ್ಲರಿಗಿಂತ ಶುಭ್ರ. ಮೇಷ್ಟ್ರು ಕೊಟ್ಟ ನಕ್ಷೆಯನ್ನೂ ಗಡಿಯಾರವನ್ನೂ ಹಿಡಿದುಕೊಂಡು ಅವಳು ನಿಧಾನವಾಗಿ, ಒಂದೊಂದು ಅಂಗಡಿಯ ಹೆಸರನ್ನೂ ಓದಿಕೊಂಡು ನಡೆಯುತ್ತಿದ್ದಳು. ಬಿಟ್ಟು ಓಡೋಣ ಎಂದು ಯಾರು ಮೊದಲು ಹೇಳಿದರೋ ಮಾಸುಮಿಗೆ ಈಗ ನೆನಪಿಲ್ಲ. ತಾನಲ್ಲ ಎಂದು ಬಹಳ ವರ್ಷ ಅಂದುಕೊಂಡಿದ್ದಳು; ಇತ್ತೀಚೆಗೆ ಅದೂ ಖಾತ್ರಿಯಿಲ್ಲ. ಮೂವರೂ ಅಕ್ಕಿ ಹಪ್ಪಳ ಸುಡುವ ಅಂಗಡಿಯೊಂದರ ಮುಂದೆ ಬಿಸಿಲಿಗೆ ಇಳಿಬಿಟ್ಟ ಪರದೆಯ ಹಿಂದೆ ನುಗ್ಗಿ ನಿಂತರು. ದೇವಸ್ಥಾನದ ಹೆಬ್ಬಾಗಿಲಲ್ಲಿ ತೂಗುವ ದೊಡ್ಡ ಕೆಂಪು ಲಾಂದ್ರದ ಕೆಳಗೆ ಫುಸಾಕೊ ಬಂದು ನಿಂತಳು. ಗಡಿಯಾರ ನೋಡಿದಳು. ಇವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮಾಸುಮಿಯೂ ನಕ್ಕಳು, ಹೊಟ್ಟೆ ಹಿಡಿದುಕೊಂಡು.

ಆಮೇಲೆ ಬೇರೆ ದಾರಿಯಿಂದ ಬಸ್ಸಿಗೆ ಹೋದರು. ಬಿಡುವು ಮುಗಿದ ಮೇಲೂ ಕಾದ ಫುಸಾಕೊ ತಡವಾಗಿ ಒಬ್ಬಳೇ ಬಂದಳು. ನಾಯಕಿಯಾಗಿ ಗುಂಪು ಬಿಟ್ಟು ಅಲೆದೆಯಾ ಎಂದು ಮೇಷ್ಟ್ರು ಇಡೀ ಬಸ್ಸಿನ ಮುಂದೆ ಬೈದರು. ಅವಳು, "ದಾರಿ ತಪ್ಪಿದೆ ಸಾರ್," ಎಂದಳು. ಇವರ ಕಡೆ ನೋಡಲೂ ಇಲ್ಲ. ಆ ಒಂದು ಮಾತು ಹೇಳದೆ ಇವರನ್ನು ಹಿಡಿದುಕೊಟ್ಟಿದ್ದರೆ ಮಾಸುಮಿ ಎರಡು ದಿನ ಅತ್ತು ಮರೆಯುತ್ತಿದ್ದಳೋ ಏನೋ.

ಜನವರಿಯಲ್ಲಿ ಡಬ್ಬದ ಹಿಂದೆ ನಾಲ್ವರು ಗೆಳೆಯರು, ಕೊನೆಗೆ ನಡೆಯುವ ಪುಟ್ಟ ಹುಡುಗಿ ಎಂದೆಲ್ಲ ಓದಿದಾಗ ಪೆನ್ನು ತಾನಾಗಿ ಓಡಿತ್ತು. ಹಿಂದೆ ಉಳಿದವಳ ಬಾಯಿಂದ ಬರೆದರೆ ಕೇಳಲು ಚೆನ್ನಾಗಿರುತ್ತದೆ, ಮುಂದೆ ಓಡಿದವಳ ಮಾತು ಯಾರಿಗೆ ಬೇಕು? ಬರೆದು ಮುಗಿಸಿ ತಾನೇ ಓದಿಕೊಂಡಾಗ ಅವಳ ಕಣ್ಣು ತೇವವಾಗಿತ್ತು. ಎದೆ ಹಗುರವಾಗಿತ್ತು ಕೂಡ. ಈಗ ನಾಚಿಕೆಯಾಗುತ್ತಿದ್ದುದು ಸುಳ್ಳು ಬರೆದದ್ದಕ್ಕಿಂತ ಹೆಚ್ಚಾಗಿ ಆ ಹಗುರಕ್ಕೆ.

ಒಂಬತ್ತು ಡಿಸ್ಕುಗಳನ್ನೂ ಮನೆಗೆ ತಂದಳು. ಶನಿವಾರ, ಭಾನುವಾರ ಟೀವಿಯ ಮುಂದೆ ಕಾಲು ಚಾಚಿ ಕೂತಳು. ಬೇಸ್‌ಬಾಲ್ ನೋಡುವ ಅವಕಾಶ ತಪ್ಪಿದ ಗಂಡ ತೆತ್ಸುಯಾ ಕಿತ್ತಳೆ ಸುಲಿಯುತ್ತ, "ಮುಂದಿನ ವಾರ ಬೆನ್ನಿಗೆ ಸ್ಕೂಲ್ ಬ್ಯಾಗ್ ಹಾಕ್ಕೊಂಡು ಹೊರಡ್ತೀಯಾ?" ಎಂದು ಕೆಣಕಿದ. ಎಂದಿನಂತೆ ತಿರುಗಿ ಬೈಗುಳ ಬರದಿದ್ದಾಗ ಅವನಿಗೇ ಗಾಬರಿಯಾಗಿ ಅರ್ಧ ಕಿತ್ತಳೆ ಅವಳ ಮುಂದಿಟ್ಟು ಸುಮ್ಮನಾದ.

ಧಾರಾವಾಹಿ ಕೆಟ್ಟದ್ದೇನಲ್ಲ. ಹದಿನೈದು ವರ್ಷದ ನಾಲ್ವರು. ಊರಿನ ದೀಪಸ್ತಂಭದ ದೊಡ್ಡ ಗಾಜನ್ನು ಕೈಗಾಡಿಯಲ್ಲಿ ಹೇರಿಕೊಂಡು ಉತ್ತರದ ತುದಿಯ ಭೂಶಿರಕ್ಕೆ ಹೊರಟಿದ್ದಾರೆ. ಅಲ್ಲಿಯ ದೀಪ ಆರಿದೆ, ಹಡಗುಗಳು ಬಂಡೆಗೆ ಬಡಿಯುತ್ತಿವೆ. ದಾರಿಯಲ್ಲಿ ಹಿಮ, ಕಳ್ಳರು, ಮುರಿದ ಸೇತುವೆ, ಜಗಳ, ಒಂದೇ ಬಟ್ಟಲಲ್ಲಿ ನಾಲ್ವರ ಊಟ. ಎಲ್ಲರೂ ಬಟಾಣಿ ಎಂದು ಕರೆಯುವ ಪುಟ್ಟ ಹುಡುಗಿ ಸದಾ ಗಾಡಿಯ ಹಿಂದೆ. ಹದಿನೇಳನೇ ಕಂತಿನಲ್ಲಿ ಮಿಕ್ಕ ಮೂವರು ಅವಳನ್ನು ದಡದಲ್ಲೇ ಬಿಟ್ಟು ದೋಣಿ ಹತ್ತುತ್ತಾರೆ. ಮಾಸುಮಿ ಅಲ್ಲಿ ಯಂತ್ರ ನಿಲ್ಲಿಸಿ ಎದ್ದು ಹೋಗಿ ಪಾತ್ರೆ ತೊಳೆದು ಬಂದಳು. ಕೊನೆಯ ಕಂತಿನಲ್ಲಿ ಮೂವರು ಭೂಶಿರ ತಲುಪಿದಾಗ ಬಟಾಣಿ ಬೇರೆ ದಾರಿಯಿಂದ ಅವರಿಗಿಂತ ಮುಂಚೆ ಬಂದು ಕೂತಿರುತ್ತಾಳೆ. ಎಲ್ಲರೂ ಅಪ್ಪಿಕೊಳ್ಳುತ್ತಾರೆ, ದೀಪ ಹೊತ್ತುತ್ತದೆ, ಹಾಡು ಬರುತ್ತದೆ.

"ಇಷ್ಟೇನಾ?" ಎಂದಳು ಮಾಸುಮಿ ಟೀವಿಗೆ.

* * *

ಸೋಮವಾರ ಹನ್ನೊಂದಕ್ಕೆ ಚಿಹಾರು ಬಂದಳು. ಟೋಪಿ, ಬಾಯಿಗೆ ಮಾಸ್ಕು, ತೋಳು ಕೈಬೆರಳನ್ನೂ ಮುಚ್ಚುವ ಕೋಟು. ನಡುವೆ ಕಾಣುತ್ತಿದ್ದದ್ದು ಎರಡು ಕಣ್ಣು. ಅವಳ ಹಿಂದೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಬಂದ ತಾಯಿ ಅಂಗಡಿಯ ಹೊರಗೇ ನಿಂತು ಪೋಸ್ಟರುಗಳನ್ನು ಓದತೊಡಗಿದಳು.

ಹಿಂದಿನ ಕೋಣೆಯಲ್ಲಿ, ಮುರಿದ ಡಬ್ಬಗಳ ರಾಶಿಯ ಪಕ್ಕ, ಎರಡು ಸ್ಟೂಲು ಹಾಕಿ ಮಾಸುಮಿ ಚಹಾ ಕೊಟ್ಟಳು. ಹುಡುಗಿ ಲೋಟ ಮುಟ್ಟಲಿಲ್ಲ.

"ಆಂಟಿ, ಕೊನೆ ಕಂತು ನೋಡಿದ್ರಾ?"

"ನೋಡಿದೆ," ಎಂದಳು ಮಾಸುಮಿ. ನಿನ್ನೆಯಿಂದ ಅದು ಸತ್ಯವೇ ಆಗಿತ್ತು.

"ಅದ್ರಲ್ಲಿ ಯಾರೂ ಸಾರಿ ಹೇಳೋದೇ ಇಲ್ಲ. ಗಮನಿಸಿದ್ರಾ? ಸುಮ್ನೆ ತಬ್ಕೋತಾರೆ. ಬಟಾಣಿನೂ ಏನೂ ಕೇಳಲ್ಲ."

"ಹೂಂ. ನಂಗೂ ಅದು ಸರಿ ಕಾಣಿಸ್ಲಿಲ್ಲ."

"ಆದ್ರೆ ನೀವು ಸಿಟ್ಟು ಕರಗಿತು ಅಂತ ಬರೆದಿದೀರ." ಹುಡುಗಿ ತೋಳಿನೊಳಗಿನಿಂದ ಬೆರಳು ಹೊರತೆಗೆದು ಸ್ಟೂಲಿನ ಅಂಚನ್ನು ಹಿಡಿದಳು. "ಎಷ್ಟು ದಿನ ಆದ್ಮೇಲೆ ಕರಗಿದ್ದು? ಅದನ್ನೇ ಕೇಳೋಣ ಅಂತ ಬಂದೆ."

ಮಾಸುಮಿ ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ನೋಡು ಮಗಾ, ನಿನ್ನ ಬಿಟ್ಟು ಹೋದವರು ಎಂಥವರೋ ನಂಗೊತ್ತಿಲ್ಲ..."

"ನನ್ನ ಯಾರೂ ಬಿಟ್ಟು ಹೋಗಿಲ್ಲ. ನಾನೇ ಬಿಟ್ಟಿದ್ದು."

ಹೊರಗೆ ಕುಮಾಗಾಯಿ ಯಾರಿಗೋ 'ಬನ್ನಿ ಬನ್ನಿ' ಎನ್ನುವುದು ಕೇಳಿಸಿತು. ಹುಡುಗಿ ಮಾಸ್ಕಿನ ಹಿಂದಿನಿಂದ, ತಡೆಯದೆ, ತುಂಬ ದಿನ ಒಳಗೇ ಹೇಳಿಕೊಂಡು ಅಭ್ಯಾಸವಾದವರ ಹಾಗೆ ಹೇಳಿದಳು. ಬೇಸಿಗೆಯ ಶಿಬಿರಕ್ಕೆ ಗುಂಪು ಮಾಡಿ ಹೆಸರು ಬರೆದುಕೊಡಿ ಅಂದಿದ್ದರು. ಬರೆಯುವ ಕೆಲಸ ಚಿಹಾರುವಿನದು. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಸಾಕಿಯ ಹೆಸರನ್ನು ಅವಳು ಬರೆಯಲಿಲ್ಲ. ಬೇರೆ ಹುಡುಗಿಯರು ಬೇಡ ಅಂದಿದ್ದರು, ಅಷ್ಟೇ ಕಾರಣ. ಮೇಷ್ಟ್ರು ಪಟ್ಟಿ ಓದಿದಾಗ ಸಾಕಿ ತನ್ನ ಹೆಸರು ಬಂತೆಂದೇ ಎದ್ದು ನಿಂತುಬಿಟ್ಟಿದ್ದಳು. ಕೂರಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಶಿಬಿರಕ್ಕೆ ಬರಲಿಲ್ಲ. ಆಮೇಲೆ ಹೊಳೆಯಾಚೆಯ ಶಾಲೆಗೆ ಸೇರಿಕೊಂಡಳು.

"ಎಲ್ರೂ ನಂಗೇ ಯಾರೋ ಏನೋ ಮಾಡಿದಾರೆ ಅನ್ಕೊಂಡಿದಾರೆ. ಅಮ್ಮ ಸ್ಕೂಲಿಗೆ ಹೋಗಿ ಮೇಷ್ಟ್ರ ಹತ್ರ ಜಗಳ ಆಡಿ ಬಂದ್ಲು. ಮೇಷ್ಟ್ರು ಮನೆಗೆ ಬಂದು ನಂಗೆ ಕ್ಷಮೆ ಕೇಳಿದ್ರು. ನಾನು ಬಾಗಿಲ ಈಚೆ ಸುಮ್ನೆ ಕೂತಿದ್ದೆ." ಅವಳು ಉಗುಳು ನುಂಗಿದಳು. "ಏಪ್ರಿಲಲ್ಲಿ ಹೊಸ ಕ್ಲಾಸು. ಅಷ್ಟರೊಳಗೆ ಅವಳ ಸಿಟ್ಟು ಕರಗಿರುತ್ತೆ ಅಂದ್ರೆ ನಾನು ಸ್ಕೂಲಿಗೆ ಹೋಗಬಲ್ಲೆ. ನೀವು ಹಿಂದೆ ಉಳಿದವರು ಅಲ್ವಾ. ನಿಮಗೆ ಗೊತ್ತಿರುತ್ತೆ."

'ಒಂದು ವರ್ಷ' ಎಂದರೆ ಮುಗಿಯುತ್ತಿತ್ತು. ಆರು ತಿಂಗಳು ಎಂದರೆ ಇನ್ನೂ ಒಳ್ಳೆಯದು. ಈ ಮಗು ಎದ್ದು ಹೋಗಿ ತಾಯಿಯ ಕೈ ಹಿಡಿಯುತ್ತಿತ್ತು, ಏಪ್ರಿಲಿನಲ್ಲಿ ಶಾಲೆಗೆ ಹೋಗುತ್ತಿತ್ತು, ಇನ್ನೊಂದು ಡಬ್ಬ ಸಿಹಿತಿಂಡಿ ಬರುತ್ತಿತ್ತು. "ಅಷ್ಟೇನೂ ದಿನ..." ಎಂದು ಮಾಸುಮಿ ಶುರು ಮಾಡಿಯೂ ಬಿಟ್ಟಳು. ಎರಡು ಕಣ್ಣುಗಳು ಅವಳ ಬಾಯಿಯನ್ನೇ ನೋಡುತ್ತಿದ್ದವು. ಆ ಮಾತನ್ನು ಯಾರಾದರೂ ತನಗೂ ಹೇಳಲಿ ಎಂದು ಅವಳೂ ಇಷ್ಟು ವರ್ಷ ಕಾಯುತ್ತಿದ್ದಳಲ್ಲವೇ? ಹೇಳುವವರು ಸಿಗದೆ ತಾನೇ ಬರೆದು ಗೋಡೆಗೆ ಅಂಟಿಸಿಕೊಂಡಿದ್ದಳು.

"ನಾನು ಕೊನೆಗೆ ನಡೆದವಳಲ್ಲ," ಎಂದಳು. "ಮುಂದೆ ಓಡಿದವಳು. ಚೀಟಿ ಬರೆಯೋವಾಗ ನಿನ್ನ ಧಾರಾವಾಹೀನೂ ನೋಡಿರ್ಲಿಲ್ಲ. ನಿನ್ನೆ ನೋಡಿದ್ದು. ಬರೆದದ್ದೆಲ್ಲ ಸುಳ್ಳು."

ಮಾಸುಮಿ ಲಾಂದ್ರದ ಕಥೆಯನ್ನು ಹೇಳಿದಳು. ಗಂಡನಿಗೂ ಹೇಳದ ಕಥೆ, ಐದು ನಿಮಿಷದಲ್ಲಿ ಮುಗಿದುಹೋಯಿತು. ಮುಖ ಎತ್ತಲಾಗದೆ ಚಹಾದ ಲೋಟವನ್ನೇ ನೋಡುತ್ತ ಹೇಳಿದಳು. ಹದಿನಾಲ್ಕು ವರ್ಷದ ಮಗುವಿನ ಮುಂದೆ ಈ ವಯಸ್ಸಿನಲ್ಲಿ ಹೀಗೆ ಕೂರುವ ಸ್ಥಿತಿ ಯಾರಿಗೂ ಬೇಡ ಅನ್ನಿಸಿತು.

"ಹಾಗಾದ್ರೆ ಸಿಟ್ಟು ಕರಗಿತು ಅಂತ ಬರೆದದ್ದು?"

"ಅದು ಫುಸಾಕೊ ಸಿಟ್ಟು. ಕರಗಿತೋ ಇಲ್ವೋ ನಂಗೇನು ಗೊತ್ತು."

"ಕೇಳ್ಲಿಲ್ವಾ?"

"ಇಲ್ಲ."

"ಎಷ್ಟು ವರ್ಷ ಆಯ್ತು?"

"ಮೂವತ್ತೈದು."

ಹುಡುಗಿ ಕೋಟಿನ ಮೇಲಿಂದಲೇ ತನ್ನ ಎದೆಯನ್ನು ಮುಷ್ಟಿಯಿಂದ ಒಮ್ಮೆ ಗುದ್ದಿಕೊಂಡಳು. "ಮೂವತ್ತೈದು ವರ್ಷ ಆದ್ರೂ ಹೋಗಲ್ವಾ ಇದು?"

ಸುಳ್ಳು ಹೇಳುವ ಶಕ್ತಿ ಮಾಸುಮಿಯಲ್ಲಿ ಉಳಿದಿರಲಿಲ್ಲ. "ನಂದು ಹೋಗಿಲ್ಲ," ಎಂದಳು.

ಹುಡುಗಿ ಎದ್ದು ಹೋಗುತ್ತಾಳೆ, ಬಾಗಿಲು ಹಾಕಿಕೊಂಡು ಮತ್ತೆ ಏಳು ತಿಂಗಳು ಕೂರುತ್ತಾಳೆ, ಅದಕ್ಕೆ ತಾನೇ ಕಾರಣ ಎಂದು ಮಾಸುಮಿ ಆಗಲೇ ಲೆಕ್ಕ ಹಾಕಿಬಿಟ್ಟಿದ್ದಳು. ಹುಡುಗಿ ಎದ್ದಳು ನಿಜ.

"ಅವ್ರು ಈಗ ಎಲ್ಲಿದಾರೆ?"

"ಯಾರು, ಫುಸಾಕೊನಾ? ಇಲ್ಲೇ. ಸ್ಟೇಷನ್ ಹಿಂದಿನ ಬೀದಿ, ಅವರಪ್ಪನ ಲಾಂಡ್ರಿ ಅವಳೇ ನಡೆಸ್ತಾಳೆ."

"ಇಲ್ಲೇನಾ? ಹತ್ತು ನಿಮಿಷದ ದಾರಿ. ಹಾಗಾದ್ರೆ ನಿಮ್ಮ ಬಟ್ಟೆ..."

"ಹೊಳೆಯಾಚೆ ಲಾಂಡ್ರಿಗೆ ಕೊಡ್ತೀನಿ. ಬಸ್ಸಲ್ಲಿ ತಗೊಂಡು ಹೋಗಿ."

ಮಾಸ್ಕಿನ ಹಿಂದೆ ಮೂಗಿನಿಂದ ಒಂದು ಸದ್ದು ಬಂತು. ನಗುವೇ ಇರಬೇಕು. ಮರುಕ್ಷಣ ಹುಡುಗಿ ಗಂಭೀರವಾಗಿ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ, "ಆಂಟಿ, ಹೋಗಿ ಕೇಳ್ಕೊಂಡು ಬನ್ನಿ. ನಾನು ಹೊರಗೆ ನಿಂತು ನೋಡ್ತೀನಿ," ಎಂದಳು.

"ಈಗಾನಾ? ಡ್ಯೂಟೀಲಿದೀನಿ ನಾನು."

"ಮೂವತ್ತೈದು ವರ್ಷದಿಂದ್ಲೂ ಡ್ಯೂಟೀಲಿದ್ರಾ?"

ಮಾಸುಮಿ ಎದ್ದಳು. ಕೋಣೆಯಿಂದ ಹೊರಬಂದವಳು ಕಾರ್ಟೂನ್ ಸಾಲಿನಲ್ಲಿ ನಿಂತು, ಹಳದಿ ಚೀಟಿಯನ್ನು ಕಿತ್ತು, ಏಪ್ರನ್ನಿನ ಜೇಬಿಗೆ ತುರುಕಿಕೊಂಡಳು. "ಅಯ್ಯೋ, ಅದು ಹೆಡ್ ಆಫೀಸಿಗೆ..." ಎಂದ ಕುಮಾಗಾಯಿ ಅವಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ. ಚಿಹಾರು ಬಾಗಿಲಲ್ಲಿ ತಾಯಿಗೆ, "ಬರ್ತೀನಿ, ನೀನು ಇಲ್ಲೇ ಇರು," ಎಂದಳು. ತಾಯಿ ಮಾಸುಮಿಗೆ ಮತ್ತೆ ಬಗ್ಗಿ ನಮಸ್ಕರಿಸಿದಳು. ಆ ನಮಸ್ಕಾರವನ್ನು ಎಲ್ಲಿಡಬೇಕೋ ತಿಳಿಯದೆ ಮಾಸುಮಿ ಬಿರಬಿರನೆ ನಡೆದಳು.

ಮಾರ್ಚ್ ತಿಂಗಳು. ರಸ್ತೆಯ ಅಂಚಿನಲ್ಲಿ ಹಿಮ ಕಪ್ಪಗೆ ಗಟ್ಟಿಯಾಗಿತ್ತು. ಸಮುದ್ರದ ಗಾಳಿ ಏಪ್ರನ್ನಿನೊಳಗೆ ನುಗ್ಗಿದಾಗ ಕೋಟು ಮರೆತದ್ದು ಗೊತ್ತಾಯಿತು. ಏಳು ತಿಂಗಳು ನಡೆಯದ ಹುಡುಗಿ ಬೇಗ ದಣಿಯುತ್ತಿದ್ದಳು, ಎರಡು ಸಲ ಗೋಡೆಗೆ ಆತುಕೊಂಡು ನಿಂತಳು. ನಿಂತಾಗಲೆಲ್ಲ ಮಾಸುಮಿಗೆ ಒಳಗೊಳಗೇ ಸಮಾಧಾನ, ಅಷ್ಟಾದರೂ ತಡವಾಗಲಿ ಎಂದು. ವಾಪಸು ಹೋಗೋಣವೇ ಎಂದೂ ಕೇಳಿದಳು. ಹುಡುಗಿ ತಲೆ ಅಲ್ಲಾಡಿಸಿ ಮತ್ತೆ ಹೊರಟಳು.

ಲಾಂಡ್ರಿಯ ಗಾಜಿನ ಬಾಗಿಲು ಹಬೆಯಿಂದ ಅರ್ಧ ಮಬ್ಬಾಗಿತ್ತು. ಎದುರಿನ ವಿದ್ಯುತ್ ಕಂಬದ ಬಳಿ ಚಿಹಾರು ನಿಂತಳು. ಮಾಸುಮಿ ಒಳಗೆ ಹೋದಳು.

ಕೌಂಟರಿನ ಹಿಂದೆ ಕನ್ನಡಕ ಹಾಕಿದ, ತಲೆ ಪೂರ್ತಿ ನರೆತ ಹೆಂಗಸೊಬ್ಬಳು ಅಂಗಿಗಳಿಗೆ ನಂಬರಿನ ಚೀಟಿ ಚುಚ್ಚುತ್ತಿದ್ದಳು. "ಬನ್ನಿ," ಎಂದು ತಲೆ ಎತ್ತಿದವಳು ಒಂದು ಕ್ಷಣ ಹಾಗೆಯೇ ನೋಡಿದಳು.

"ಏನು, ಹೊಳೆಯಾಚೆ ಲಾಂಡ್ರಿ ಮುಚ್ಚಿದ್ಯಾ?"

ಮಾಸುಮಿಯ ಕಿವಿ ಬಿಸಿಯಾಯಿತು. ಎಲ್ಲ ಗೊತ್ತಿದೆ ಇವಳಿಗೆ. ಮಾಸುಮಿ ಕೌಂಟರಿನವರೆಗೆ ಬಂದಳು. ಬಗ್ಗಿದಳು. ದಿನಕ್ಕೆ ನೂರು ಸಲ ಗಿರಾಕಿಗಳ ಮುಂದೆ ಬಗ್ಗುವ ಬೆನ್ನು, ಈಗ ಬಗ್ಗಿದ್ದು ಮೇಲೇಳಲು ಒಪ್ಪಲಿಲ್ಲ.

"ಅಸಕುಸಾದಲ್ಲಿ," ಎಂದಳು ನೆಲಕ್ಕೆ. "ನೀನು ದಾರಿ ತಪ್ಪಿರ್ಲಿಲ್ಲ. ನಾವೇ ಬೇಕಂತ ಬಚ್ಚಿಟ್ಕೊಂಡಿದ್ವಿ. ಪರದೆ ಹಿಂದೆ."

"ಗೊತ್ತು. ನಿನ್ನ ಶೂ ಕಾಣಿಸ್ತಿತ್ತು."

ಮಾಸುಮಿ ತಲೆ ಎತ್ತಿದಳು.

"ಪರದೆ ನೆಲದವರೆಗೂ ಇರ್ಲಿಲ್ಲ ಕಣೆ. ಮೂರು ಜೊತೆ ಕಾಲು. ನಿನ್ನ ಎಡಗಾಲಿನ ಲೇಸು ಬಿಚ್ಚಿತ್ತು." ಫುಸಾಕೊ ಇನ್ನೊಂದು ಅಂಗಿ ಎತ್ತಿಕೊಂಡಳು. "ಅವರಿಬ್ರ ಬಗ್ಗೆ ನಂಗೇನೂ ಇರ್ಲಿಲ್ಲ. ನೀನು ದಿನಾ ನಮ್ಮನೇಲಿ ಅನ್ನ ತಿಂತಿದ್ದೆ. ನೀನಾದ್ರೂ ಬರ್ತೀಯ ಅಂತ ಲೇಸು ನೋಡ್ತಾ ನಿಂತಿದ್ದೆ."

ಯಂತ್ರವೊಂದು ಹಿಂದೆ ಗುರುಗುಟ್ಟುತ್ತಿತ್ತು. ನಿಂತ ನೆಲ ಬಾಯಿ ಬಿಡಬಾರದೇ ಎನ್ನಿಸಿತು ಮಾಸುಮಿಗೆ. ನಕ್ಕದ್ದು, ಓಡಿದ್ದು, ಸುಮ್ಮನಿದ್ದದ್ದು, ಎಲ್ಲ ಮೂವತ್ತೈದು ವರ್ಷ ಎಣಿಸಿ ಎಣಿಸಿ ಇಟ್ಟಿದ್ದಳು. ಫುಸಾಕೊ ಕಾಣದೆ ಕಾದಳು ಎಂದೇ ತಿಳಿದಿದ್ದಳು. ಕಂಡೂ ಕಾದಳು ಎಂಬುದು ಗೊತ್ತಿರಲಿಲ್ಲ.

"ನನ್ನಿಂದ ತಪ್ಪಾಯ್ತು," ಎಂದಳು. ತನ್ನ ಕಿವಿಗೇ ಅದು ತೀರ ಸಣ್ಣದಾಗಿ ಕೇಳಿಸಿತು.

"ಕ್ಷಮಿಸಿದೆ ಅಂತ ಹೇಳ್ಬೇಕಾ ಈಗ ನಾನು?"

"ಬೇಡ."

"ಒಳ್ಳೇದಾಯ್ತು. ಹೇಳೋಕೆ ಬರ್ತಿಲ್ಲ ನಂಗೆ." ಫುಸಾಕೊ ಅಂಗಿಯನ್ನು ಪಕ್ಕಕ್ಕಿಟ್ಟಳು. "ಬಟ್ಟೆ ಏನಾದ್ರೂ ತಂದಿದೀಯಾ? ಇದು ಲಾಂಡ್ರಿ. ಬರೀ ಕೈಯಲ್ಲಿ ಬಂದವರ ಹತ್ರ ನಾನೇನು ಮಾಡ್ಲಿ?"

ಮಾಸುಮಿ ತಡಬಡಿಸಿ ಮೈಮೇಲಿದ್ದ ಅಂಗಡಿಯ ನೀಲಿ ಏಪ್ರನ್ನು ಬಿಚ್ಚಿ ಕೌಂಟರಿನ ಮೇಲಿಟ್ಟಳು. ಇಟ್ಟ ಮೇಲೆಯೇ ಅವಳಿಗೆ ಜೇಬು ನೆನಪಾದದ್ದು. ಕೈ ಚಾಚಿದಳು, ಅಷ್ಟರಲ್ಲಿ ತಡವಾಗಿತ್ತು. ಯಾವ ಬಟ್ಟೆ ಬಂದರೂ ಮೊದಲು ಜೇಬು ನೋಡುವುದು ಲಾಂಡ್ರಿಯವರ ಅಭ್ಯಾಸ. ಫುಸಾಕೊ ಎರಡು ಬೆರಳಲ್ಲಿ ಹಳದಿ ಚೀಟಿಯನ್ನು ಹೊರತೆಗೆದು, ಬಿಡಿಸಿ, ಕನ್ನಡಕ ಸರಿಮಾಡಿಕೊಂಡು ಓದಿದಳು. ಅಂದು ಅಸಕುಸಾದಲ್ಲಿ ಅಂಗಡಿಗಳ ಹೆಸರುಗಳನ್ನು ಓದುತ್ತಿದ್ದ ಹಾಗೆಯೇ, ಒಂದೊಂದು ಅಕ್ಷರವನ್ನೂ.

"ಇದು ಯಾರು? ನಾನಾ?"

ಮಾಸುಮಿ ಹೌದೆಂದು ತಲೆಯಾಡಿಸಿದಳು. ಮೈಮೇಲೆ ಬಟ್ಟೆಯೇ ಇಲ್ಲದವಳಂತೆ ಎರಡೂ ಕೈಗಳಿಂದ ತೋಳು ತಬ್ಬಿಕೊಂಡಿದ್ದಳು.

"ನನ್ನ ಸಿಟ್ಟು ಕರಗಿತು ಅಂತ ನೀನೇ ಬರ್ಕೊಂಡ್ಯಾ?"

"ಹೂಂ."

ಫುಸಾಕೊ ಮತ್ತೊಮ್ಮೆ ಓದಿದಳು. ಬೈಯಲಿಲ್ಲ, ನಗಲಿಲ್ಲ. ಚೀಟಿಯನ್ನು ಬಂದ ಮಡಿಕೆಗಳಲ್ಲೇ ಮಡಿಸಿ ಕೌಂಟರಿನ ಮೇಲೆ ಇವಳ ಕಡೆ ಸರಿಸಿದಳು. "ಇದನ್ನ ನೀನೇ ಇಟ್ಕೋ." ಆಮೇಲೆ ರಸೀದಿ ಪುಸ್ತಕ ಎಳೆದುಕೊಂಡು, ಹೆಸರು ಕೇಳದೆ, 'ಮಾಸುಮಿ' ಎಂದು ಬರೆದಳು. ಹೊನ್ಮಾ ಎಂದು ಬರೆಯಲಿಲ್ಲ.

"ಗುರುವಾರ ಬಾ," ಎಂದಳು ರಸೀದಿ ಹರಿಯುತ್ತ. "ಎರಡು ಗಂಟೆ ಮೇಲೆ ಬಾ. ಆ ಹೊತ್ತಲ್ಲಿ ಇಲ್ಲಿ ಜನ ಇರಲ್ಲ."

ಹೊರಗೆ ಬಂದಾಗ ಚಿಹಾರು ಕಂಬ ಬಿಟ್ಟು ಬಾಗಿಲ ಹತ್ತಿರಕ್ಕೇ ಬಂದಿದ್ದಳು. ಮಾಸ್ಕನ್ನು ಗದ್ದಕ್ಕೆ ಇಳಿಸಿದ್ದಳು. ಚಳಿಗೆ ಮೂಗು ಕೆಂಪಾಗಿತ್ತು.

"ಏನಂದ್ರು?"

"ಗುರುವಾರ ಬಾ ಅಂದ್ಲು."

"ಸಿಟ್ಟು?"

"ಇದೆ."

ಹೊಳೆಯಾಚೆಗೆ ಹೋಗುವ ಬಸ್ಸೊಂದು ಅವರ ಮುಂದೆ ನಿಧಾನವಾಗಿ ತಿರುಗಿ ಹೋಯಿತು. ಅದು ಮರೆಯಾಗುವವರೆಗೂ ಹುಡುಗಿ ನೋಡಿದಳು.

"ಆ ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತೆ, ಆಂಟಿ?"

"ನಲವತ್ತು ನಿಮಿಷಕ್ಕೆ," ಎಂದಳು ಮಾಸುಮಿ. ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರಬೇಕು?

ಇಬ್ಬರೂ ಕೂಡಲೇ ಹೊರಡಲಿಲ್ಲ. ಗಾಜಿನ ಆಚೆ ಫುಸಾಕೊ ನೀಲಿ ಏಪ್ರನ್ನಿನ ದಾರಕ್ಕೆ ನಂಬರು ಚುಚ್ಚಿ, ಎರಡು ಸಲ ಕೊಡವಿ, ಕೋಲಿನ ತುದಿಯಿಂದ ಎತ್ತಿ, ಊರಿನವರ ಕೋಟುಗಳ ಸಾಲಿನಲ್ಲಿ ತೂಗುಹಾಕಿದಳು.